ಅಪ್ಪನ ಮಿಷನ್ನಿಗೆ ಬದಲಿ

ನಾನು ಹುಟ್ಟಾ ಅಂಜುಬುರುಕಿ. ಜೋರಾಗಿ ಮಾತಾಡುವವರನ್ನು ಕಂಡರೆ ಅಂಜುತ್ತಿದ್ದೆ, ಮಾತೇ ಆಡದವರನ್ನು ಕಂಡರೆ ಇನ್ನೂ ಅಂಜುತ್ತಿದ್ದೆ. ಈಗ ಮೊಮ್ಮಕ್ಕಳು ನನ್ನ ಬಾಯಿಗೆ ಹೆದರಿ ಮೂಲೆ ಸೇರುತ್ತಾರೆ. 'ನಮ್ಮ ಅಜ್ಜಿ ಯಾರಿಗೂ ಅಂಜಂಗಿಲ್ಲ' ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬರುತ್ತಾರೆ. ಅವರಿಗೇನು ಗೊತ್ತು. ಬಾಯಿ ಆಮೇಲೆ ಬಂದದ್ದು. ಅಂಜಿಕೆಗೆ ಮಾತ್ರ ನನ್ನಷ್ಟೇ ವಯಸ್ಸು.

ಆಗ ನಾವು ಆದೋನಿಯಲ್ಲಿದ್ದೆವು. ಮದ್ರಾಸನ್ನು ಬಿಟ್ಟು ನಾವು ಆಂಧ್ರದವರಾದೆವು, ಕರ್ನೂಲೇ ರಾಜಧಾನಿ ಎಂದು ಚಹಾದಂಗಡಿಯ ಮುಂದೆ ಗಂಡಸರು ಬೀಗುತ್ತಿದ್ದ ಕಾಲ. ನಮ್ಮ ಮನೆಯ ರೊಟ್ಟಿ ಅದರಿಂದ ದಪ್ಪಗಾಗಲೂ ಇಲ್ಲ, ತೆಳ್ಳಗಾಗಲೂ ಇಲ್ಲ. ಅಪ್ಪನೂ ನಾನೂ ಸ್ಟೇಷನ್ನಿನ ಆಚೆಗಿದ್ದ ಒಂದು ಜಿನ್ನಿಂಗ್ ಫ್ಯಾಕ್ಟರಿಗೆ ಹೋಗುತ್ತಿದ್ದೆವು. ಹೊಳಗುಂದದ ಕಡೆಯಿಂದ, ಹರಿವಾಣದ ಕಡೆಯಿಂದ ಗಾಡಿಗಟ್ಟಲೆ ಹತ್ತಿ ಬರುತ್ತಿತ್ತು. ಅದರ ಕಾಳು ಬಿಡಿಸಿ ಅರಳೆ ತೆಗೆಯುವುದು ಅಲ್ಲಿನ ಕೆಲಸ. ಉದ್ದನೆಯ ತಗಡಿನ ಶೆಡ್ಡು, ಒಳಗೆ ಎರಡು ಸಾಲು ಮಿಷನ್ನು. ಇಂಜಿನ್ನಿನ ಬದಿಗೆ ದೊಡ್ಡ ಮಿಷನ್ನುಗಳು, ಅವು ಗಂಡಸರವು. ಗೋಡೆಯ ಬದಿಗೆ ಸಣ್ಣವು, ಅವು ಹೆಂಗಸರವು. ಎರಡೂ ಕಡೆ ಕೆಲಸ ಒಂದೇ: ತಿರುಗುವ ಚರ್ಮದ ರೋಲಿಗೆ ಹತ್ತಿಯನ್ನು ಹರಡಿ ಉಣಿಸಬೇಕು, ರೋಲು ಎಳೆಯನ್ನು ಎಳೆದುಕೊಳ್ಳುತ್ತದೆ, ಕಾಳು ಕೆಳಗೆ ಉದುರುತ್ತದೆ, ಬೆರಳು ಮಾತ್ರ ನಮ್ಮ ಬಳಿಯೇ ಉಳಿಯುವಂತೆ ನೋಡಿಕೊಳ್ಳಬೇಕು. ಗಂಡಾಳಿಗೆ ದಿನಕ್ಕೆ ಒಂದು ರೂಪಾಯಿ, ಹೆಣ್ಣಾಳಿಗೆ ಹತ್ತಾಣೆ. ಯಾಕೆ ಹೀಗೆ ಎಂದು ನಾನು ಕೇಳಿದವಳಲ್ಲ. ಕೇಳುವುದಕ್ಕೂ ಅಂಜುತ್ತಿದ್ದೆ.

ಹತ್ತಿಯ ಸುಗ್ಗಿ ಜೋರಾಗಿದ್ದಾಗ ಅಪ್ಪನ ಕಾಲಿಗೆ ಪೆಟ್ಟಾಯಿತು. ಅರಳೆಯ ಅಂಡಿಗೆಗಳಿಗೆ ಬಿಗಿಯುವ ಕಬ್ಬಿಣದ ಪಟ್ಟಿ ಸಿಡಿದು ಮೀನಖಂಡವನ್ನು ಸೀಳಿತ್ತು. ಮೊದಲು ಅರಿಶಿಣ ಮೆತ್ತಿದೆವು. ಕಾಲು ಬಾತುಕೊಂಡು, ಕೀವು ತುಂಬಿ, ಅಪ್ಪ ಜ್ವರದಲ್ಲಿ ಬಡಬಡಿಸತೊಡಗಿದ ಮೇಲೆ ಸರ್ಕಾರಿ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ತಿಂಗಳಾದರೂ ಕಾಲು ನೆಲಕ್ಕೆ ಊರಕೂಡದು ಎಂದರು. ಕಾಲು ಉಳಿಯುತ್ತದಲ್ಲ ಎಂದು ಅವ್ವ ಮಂತ್ರಾಲಯದ ಕಡೆಗೆ ಮುಖ ಮಾಡಿ ಕೈ ಮುಗಿದಳು. ಅಪ್ಪನ ಚಿಂತೆ ಬೇರೆಯೇ ಇತ್ತು.

ಸುಗ್ಗಿಯಲ್ಲಿ ಮಿಷನ್ನು ಖಾಲಿ ನಿಲ್ಲುವಂತಿರಲಿಲ್ಲ. ಕೆಲಸಗಾರ ಮಲಗಿದರೆ ಅವನ ಮನೆಯಿಂದಲೇ ಒಬ್ಬರು ಬಂದು ಅವನ ಮಿಷನ್ನು ನಡೆಸಬೇಕು, ಅವನು ಎದ್ದು ಬಂದಾಗ ಬಿಟ್ಟುಕೊಡಬೇಕು. ಇದಕ್ಕೆ ಬದಲಿ ಅನ್ನುತ್ತಿದ್ದರು. ಬದಲಿ ಬಾರದಿದ್ದರೆ ಆ ಜಾಗ ಹೊರಗೆ ಗೇಟಿನ ಮುಂದೆ ಕುಕ್ಕರಗಾಲಲ್ಲಿ ಕಾಯುತ್ತಿದ್ದವರ ಪಾಲು. ಎಲ್ಲ ಮನೆಗಳಿಂದಲೂ ಅಣ್ಣನೋ ತಮ್ಮನೋ ಮಗನೋ ಬದಲಿ ಹೋಗುತ್ತಿದ್ದ. ನಮ್ಮ ಮನೆಯಲ್ಲಿ ಅಪ್ಪನನ್ನು ಬಿಟ್ಟರೆ ಗಂಡು ಎಂದು ಇದ್ದದ್ದು ತೊಟ್ಟಿಲಲ್ಲಿದ್ದ ತಮ್ಮ ಒಬ್ಬನೇ.

"ನೀನ ಹೋಗವ್ವ," ಎಂದ ಅಪ್ಪ. "ಮಿಷನ್ನಿನ ಕೆಲಸ ನಿನಗೇನು ಹೊಸಾದಲ್ಲ. ಬದಲಿ ಅಂದ್ರ ಜಾಗಾ ಕಾಯೋದು, ಅಷ್ಟ."

ಅಪ್ಪನ ಪಕ್ಕದ ಮಿಷನ್ನಿನಲ್ಲಿ ದುಡಿಯುತ್ತಿದ್ದವನನ್ನು ನಾನು ಮಾವ ಎನ್ನುತ್ತಿದ್ದೆ. ರಕ್ತಸಂಬಂಧವೇನಿಲ್ಲ, ಅಪ್ಪನಿಗೆ ಹಳೆಯ ಗೆಳೆಯ. ಸುದ್ದಿ ತಿಳಿದು ಅಂದೇ ಸಂಜೆ ಬಂದ. ಚಹಾ ಕುಡಿದ, ಅಪ್ಪನ ಕಾಲಿನ ಕಡೆಗೆ ನೋಡಿದ, ರುಮಾಲು ಬಿಚ್ಚಿ ಸುತ್ತಿದ.

"ಹೆಣ್ಮಗಳ್ನ ನಮ್ಮ ಸಾಲಿಗೆ ಕಳಿಸಬ್ಯಾಡೋ," ಎಂದ.

"ನೀನ ಪಕ್ಕದಾಗ ಇರ್ತೀಯಲ್ಲೋ. ಯಾರು ಏನಂದಾರು?" ಎಂದು ಅಪ್ಪ ನಕ್ಕ.

ಮಾವ ಇನ್ನೂ ಏನೋ ಹೇಳುವವನಿದ್ದ. ಹೇಳದೆ ಎದ್ದು ಹೋದ. ಅಪ್ಪ ಅದನ್ನು ಮಾನದ ಮಾತು ಎಂದುಕೊಂಡ. ನಾನೂ ಹಾಗೇ ತಿಳಿದೆ, ರಾತ್ರಿಯಿಡೀ ಅದಕ್ಕೇ ಅಂಜಿದೆ.

ಮೇಸ್ತ್ರಿ ತಕರಾರು ಮಾಡುತ್ತಾನೆ ಎಂದು ಅವ್ವ ಹೇಳಿದ್ದಳು. ಅವನು ಬಿಳಿ ಅಂಗಿಯ, ಮೆತ್ತನೆಯ ಮಾತಿನ ಮನುಷ್ಯ, ತೆಲುಗಿನವನು, ನಮ್ಮ ಜೊತೆ ಎರಡೂ ಭಾಷೆ ಕಲಸಿ ಮಾತಾಡುತ್ತಿದ್ದ. ತಕರಾರು ಮಾಡಲೇ ಇಲ್ಲ. "ರಾ ಅಮ್ಮಾಯಿ, ಕುಂದ್ರು," ಎಂದು ತಾನೇ ಅಪ್ಪನ ಮಿಷನ್ನಿನ ತನಕ ಬಂದು ತೋರಿಸಿದ. ನಾನು ತಿರುಗಿ ಬರುವ ತನಕ ನನ್ನ ಸಣ್ಣ ಮಿಷನ್ನಿಗೆ ಗೇಟಿನ ಮುಂದೆ ಕಾಯುತ್ತಿದ್ದ ಹೆಂಗಸೊಬ್ಬಳನ್ನು ಕೂರಿಸಿದ. ಅಷ್ಟು ಸಲೀಸಾಗಿ ಒಪ್ಪಿದ್ದು ಯಾಕೆ ಎಂದು ಆಗಲೇ ಅಂಜಬೇಕಿತ್ತು. ಸುಳ್ಳುಸುಳ್ಳೇ ಎಲ್ಲಕ್ಕೂ ಅಂಜುವ ನಾನು ಅಂಜಲೇಬೇಕಾದ ಕಡೆ ಧೈರ್ಯವಾಗಿದ್ದೆ.

ದೊಡ್ಡ ಮಿಷನ್ನಿನ ಮುಂದೆ ಕೂತ ಮೇಲೆ ಆ ಧೈರ್ಯ ನೀರಾಯಿತು. ನಮ್ಮ ಸಾಲಿನಲ್ಲಿ ಮಿಷನ್ನು ತಿರುಗಿಸುವ ಪಟ್ಟಾಗಳು ಕಿರಿದು. ಇಲ್ಲಿ ನನ್ನ ಎರಡು ಗೇಣಿನಷ್ಟು ಅಗಲದ ಚರ್ಮದ ಪಟ್ಟಾ ತಲೆಯ ಮೇಲಿನ ಗಾಲಿಯಿಂದ ಇಳಿದು, ನನ್ನ ಭುಜದ ಪಕ್ಕದಲ್ಲೇ ಪಟಪಟ ಹೊಡೆಯುತ್ತ ಓಡುತ್ತಿತ್ತು. ಹಿಂದಿನ ಸುಗ್ಗಿಯಲ್ಲಿ ನಮ್ಮ ಸಾಲಿನ ಒಬ್ಬಳ ಸೆರಗು ಕಿರಿದಾದ ಪಟ್ಟಾಕ್ಕೇ ಸಿಕ್ಕಿತ್ತು. ಇಂಜಿನ್ನು ನಿಲ್ಲಿಸುವಷ್ಟರಲ್ಲಿ ಆಕೆಯ ತೋಳು ಮುರಿದಿತ್ತು. ಅದಕ್ಕೇ ಅವ್ವ ಬೆಳಿಗ್ಗೆ ನನ್ನ ಜಡೆಯನ್ನು ತುರುಬು ಕಟ್ಟಿ, ಮೇಲೆ ಅಪ್ಪನ ಹಳೆಯ ರುಮಾಲು ಬಿಗಿದು, ಸೆರಗನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕಿದ್ದಳು. "ಮ್ಯಾಲೆ ನೋಡಬ್ಯಾಡ. ನಿನ್ನ ಕೈ ನೋಡು," ಎಂದಿದ್ದಳು. ನಾನು ಕೈಯನ್ನೇ ನೋಡುತ್ತಿದ್ದೆ.

ಆದರೆ ಪಟ್ಟಾಕ್ಕಿಂತ ಹೆಚ್ಚು ಅಂಜಿಸಿದ್ದು ಆ ಸಾಲಿನ ಗಂಡಸರು. ಯಾರೂ ಕೆಟ್ಟ ಮಾತಾಡಲಿಲ್ಲ, ಕೆಟ್ಟ ಕಣ್ಣಿನಿಂದ ನೋಡಲಿಲ್ಲ. ನೋಡಲೇ ಇಲ್ಲ. ಹುಟ್ಟಿದಾಗಿನಿಂದ ನನ್ನನ್ನು ಎತ್ತಿ ಆಡಿಸಿದವರು, ಹಬ್ಬಕ್ಕೆ ನಮ್ಮ ಮನೆಯಲ್ಲಿ ಹೋಳಿಗೆ ತಿಂದವರು, ನಾನು ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ ಹತ್ತಿ ಉಣಿಸುತ್ತಿದ್ದರು. ನೀರಿನ ಚೊಂಬು ಕೈಯಿಂದ ಕೈಗೆ ಬರುತ್ತಿತ್ತು, ನನ್ನ ಹತ್ತಿರ ಬಂದಾಗ ನನ್ನ ತಲೆಯ ಮೇಲಿನಿಂದ ಆಚೆಗೆ ಹೋಗುತ್ತಿತ್ತು. ಗಂಟಲಲ್ಲೆಲ್ಲ ಹತ್ತಿಯ ಧೂಳು. ಮಾವ ಕೂಡ ನನ್ನ ಕಡೆ ತಿರುಗಲಿಲ್ಲ, ಅದರಿಂದ ನನಗೆ ಬಹಳ ನೋವಾಯಿತು.

ಕೆಲವು ದಿನ ಹೀಗೇ ನಡೆಯಿತು. ಒಂದು ಮಧ್ಯಾಹ್ನ ನನ್ನ ಪಟ್ಟಾ ಜಾರಿ ಬಿತ್ತು. ದಪ್ಪ ಪಟ್ಟಾ ಒಮ್ಮೆ ಹಾವಿನಂತೆ ಹೊರಳಿ ನನ್ನ ಕಾಲ ಬಳಿ ಬಿದ್ದಾಗ ನಾನು ಕಿರುಚಿದೆ. ಇಂಜಿನ್ನಿನ ಸದ್ದಿಗೆ ನನ್ನ ಕಿರುಚಾಟ ನನಗೇ ಕೇಳಿಸಲಿಲ್ಲ. ಜಾರಿದ ಪಟ್ಟಾವನ್ನು ಏರಿಸುವುದು ಒಬ್ಬರಿಂದ ಆಗುವುದಲ್ಲ. ಒಬ್ಬ ಕೆಳಗೆ ಮಿಷನ್ನಿನ ಹಿಡಿಕೆ ಹಿಡಿದು ನಿಲ್ಲಬೇಕು, ಇನ್ನೊಬ್ಬ ಬಿದಿರಿನ ಕೋಲಿನಿಂದ ಪಟ್ಟಾವನ್ನು ತಿರುಗುತ್ತಿರುವ ಗಾಲಿಗೆ ಮೆಲ್ಲಗೆ ದಾಟಿಸಬೇಕು. ಯಾರ ಪಟ್ಟಾ ಜಾರಿದರೂ ಪಕ್ಕದವನು ಕರೆಯದೇ ಏಳುತ್ತಿದ್ದ, ಸಾಲಿನ ರಿವಾಜೇ ಅದು. ಅವತ್ತು ಯಾರೂ ಏಳಲಿಲ್ಲ. ನನ್ನ ಮಿಷನ್ನು ನಿಂತಿತ್ತು. ನಿಂತ ಮಿಷನ್ನು ಮೇಸ್ತ್ರಿಯ ಕಣ್ಣಿಗೆ ಬಿದ್ದರೆ ಅಪ್ಪನ ಜಾಗ ಹೋಯಿತು. ನಾನು ಕೋಲು ಕೈಗೆ ತೆಗೆದುಕೊಂಡೆ. ಮೇಲೆ ನೋಡಬೇಡ ಎಂದಿದ್ದ ಅವ್ವನ ಮಾತು ಮೀರಿ ಮೇಲೆ ನೋಡಿದೆ. ಅಷ್ಟರಲ್ಲಿ ಮಾವ ಎದ್ದು ಬಂದು ನನ್ನ ಕೈಯಿಂದ ಕೋಲನ್ನು ಕಸಿದುಕೊಂಡು, ಹಿಡಿಕೆ ನನ್ನ ಕೈಗೆ ಕೊಟ್ಟು, ಪಟ್ಟಾ ಏರಿಸಿದ.

ರೊಟ್ಟಿ ತಿನ್ನುವ ಹೊತ್ತಿಗೆ ಅವನು ಬೇವಿನ ಮರದ ಕೆಳಗೆ ನನ್ನಿಂದ ಸ್ವಲ್ಪ ದೂರ ಕೂತ. ನನ್ನ ಕಡೆ ನೋಡದೇ ಮಾತಾಡಿದ.

"ನಿನ್ನ ಮ್ಯಾಲೆ ನಮಗ ಸಿಟ್ಟಿಲ್ಲವ್ವ. ಅಂಜಿಕಿ."

ನನಗೆ ಏನೂ ತಿಳಿಯಲಿಲ್ಲ. ಮೀಸೆ ಹೊತ್ತ ಅಷ್ಟು ಜನ ಗಂಡಸರು ನನ್ನನ್ನು ಕಂಡು ಅಂಜುತ್ತಾರೆಂದರೆ ಯಾರು ನಂಬುತ್ತಾರೆ.

"ನೀವು ಹೆಣ್ಮಕ್ಕಳು ಕುಂದ್ರೋ ಸಣ್ಣ ಮಿಷನ್ ಅದಾವಲ್ಲ," ಎಂದ. "ಅದರ ಮ್ಯಾಲೆ ನಮ್ಮಪ್ಪ ದುಡದಾನ. ಆವಾಗ ಅದು ಗಂಡಸರ ಸಾಲು. ಊರಾಗ ಪ್ಲೇಗ್ ಬಂತು. ಕೆಲವ್ರು ಸತ್ತರು, ಕೆಲವ್ರು ಹಾಸಿಗಿ ಹಿಡದರು. ಜಾಗಾ ಹೋಗಬಾರದಂತ ಅವರ ಹೆಂಡ್ರು ಮಕ್ಕಳು ಬದಲಿ ಬಂದರು. ಹೆಣ್ಣಾಳಿನ ಕೂಲಿ ಕೊಟ್ಟರು. ಪ್ಲೇಗ್ ಹೋತು, ಗಂಡಸರು ತಿರುಗಿ ಬಂದರು. ಕೂಲಿ ತಿರುಗಿ ಬರಲಿಲ್ಲ. ಹೆಣ್ಣು ನಡೆಸಿದ ಮಿಷನ್ನು, ಇದಕ್ಕ ಇಷ್ಟ ಕೂಲಿ ಅಂದರು. ಆ ಕೂಲಿಗೆ ಯಾವ ಗಂಡಸು ನಿಂತಾನು? ಒಬ್ಬೊಬ್ಬರ ಬಿಟ್ಟು ಹೋದರು. ಇಡೀ ಸಾಲು ಹೆಂಗಸರದಾತು."

"ಮಾವ, ಇದನ್ನ ಅಪ್ಪಗ ಯಾಕ ಹೇಳಲಿಲ್ಲ?"

"ಹೇಳಾಕ ಬಂದಿದ್ದೆ. ಅವನ ಕಾಲು ನೋಡಿದೆ. ಬಾಯಿ ಬರಲಿಲ್ಲ."

ಬುತ್ತಿಯಲ್ಲಿ ಪುಂಡಿ ಪಲ್ಯ ಇತ್ತು. ಅದನ್ನು ಹಾಗೇ ಕಟ್ಟಿಟ್ಟೆ. ಇಷ್ಟು ದಿನ ನಾನು ಯಾವುದಕ್ಕೆಲ್ಲ ಅಂಜಿದ್ದೆನೋ ಅದೆಲ್ಲ ಮಕ್ಕಳಾಟ ಅನ್ನಿಸಿತು. ಅಪ್ಪನ ಜಾಗ ಕಾಯಲು ಬಂದವಳು ನಾನು ಅಲ್ಲಿ ಕೂತೇ ಅದನ್ನು ಕಳೆಯುತ್ತಿದ್ದೆ.

ಮನೆಗೆ ಹೋಗಿ ಹೇಳಿದೆ. ಅಪ್ಪ ಗೋಡೆ ಹಿಡಿದು ಎದ್ದ. ಕಾಲು ಊರಿದ್ದೇ ತಡ ಮುಖ ಬೂದಿಯಾಗಿ ಕುಸಿದು ಕೂತ, ಕಟ್ಟಿದ್ದ ಬಟ್ಟೆ ಕೆಂಪಾಯಿತು. ಅವ್ವ ಬಯ್ದಳು. ಅಪ್ಪನನ್ನು ಬಯ್ದಳು, ಫ್ಯಾಕ್ಟರಿಯನ್ನು ಬಯ್ದಳು, ಸುದ್ದಿ ತಂದದ್ದಕ್ಕೆ ನನ್ನನ್ನೂ ಬಯ್ದಳು. ನಾನು ಬಿಟ್ಟರೆ ಜಾಗ ಹೋಗುತ್ತದೆ. ಕೂತರೆ ಕೂಲಿ ಹೋಗುತ್ತದೆ. ಅಪ್ಪ ಹೋದರೆ ಕಾಲು ಹೋಗುತ್ತದೆ.

"ಮೇಸ್ತ್ರಿನ್ನ ಒಂದು ಮಾತು ಕೇಳು," ಎಂದ ಅಪ್ಪ ಕೊನೆಗೆ.

ಮೇಸ್ತ್ರಿಯನ್ನು ಕೇಳುವುದೆಂದರೆ ಸಾಮಾನ್ಯವೇ. ಅವನ ಕೋಣೆಯ ಬಾಗಿಲಲ್ಲಿ ನಿಂತಾಗ ದಾರಿಯುದ್ದಕ್ಕೂ ಕಲಿತುಕೊಂಡು ಬಂದಿದ್ದ ಮಾತು ಮರೆತುಹೋಯಿತು. ಬಾಯಿಗೆ ಬಂದದ್ದನ್ನು ಹೇಳಿದೆ: "ಮೇಸ್ತ್ರಿ, ಅಪ್ಪನ ಮಿಷನ್ನು ಅಪ್ಪನಷ್ಟ ನಡಸಾಕತ್ತೀನ್ರಿ. ಅಪ್ಪನ ಕೂಲಿನ ಕೊಡ್ರಿ. ಇಲ್ಲಾಂದ್ರ ಅದು ಹೆಣ್ಣಾಳಿನ ಮಿಷನ್ ಆಕ್ಕತಂತ."

ಅವನು ಎಲೆ ಅಡಿಕೆ ಮೆಲ್ಲುತ್ತ ನನ್ನನ್ನು ಮಗಳನ್ನು ನೋಡುವಂತೆ ನೋಡಿದ. "ಕೂಲಿ ಮಿಷನ್‌ಕಿ ಕಾದಮ್ಮಾಯಿ, ಮನಿಷಿಕಿ," ಎಂದ. ಕೂಲಿ ಮಿಷನ್ನಿಗಲ್ಲ, ಮನುಷ್ಯನಿಗೆ. ನೀನು ಹೆಣ್ಣು, ನಿನಗೆ ಹೆಣ್ಣಾಳಿನ ಕೂಲಿ. ನಾಳೆ ನಿಮ್ಮಪ್ಪ ಬಂದರೆ ಅವನು ಗಂಡಸು, ಅವನಿಗೆ ಗಂಡಾಳಿನದು. ಇದಕ್ಕೆ ಇಷ್ಟೊಂದು ಅಂಜಿಕೆಯೇ?

ನನಗೆ ಎಷ್ಟು ಸಂತೋಷವಾಯಿತೆಂದರೆ ಅಲ್ಲೇ ಅವನ ಕಾಲಿಗೆ ಬಿದ್ದೆ. ನನಗೆ ಹತ್ತಾಣೆಯೇ ಎಂದು ಆಗ ತಾನೇ ಅವನು ಹೇಳಿದ್ದ, ನಾನು ಅದಕ್ಕೇ ನಮಸ್ಕಾರ ಮಾಡಿದೆ. ಮನೆಯಲ್ಲಿ ಅಪ್ಪ ಬಹಳ ದಿನದ ಮೇಲೆ ಜೋರಾಗಿ ನಕ್ಕ. ಮಾವನಿಗೂ ಓಡಿ ಹೋಗಿ ಹೇಳಿದೆ. ಅವನು ನಗಲಿಲ್ಲ. ಆದರೆ ಮರುದಿನ ನೀರಿನ ಚೊಂಬು ನನ್ನ ಕೈಗೆ ಬಂತು.

ಆಮೇಲೆ ನಾನು ದುಡಿದೆ ನೋಡಿ. ಮೇಸ್ತ್ರಿಯ ಮನಸ್ಸು ತಿರುಗೀತು ಎಂಬ ಅಂಜಿಕೆಯಲ್ಲಿ ಬೆನ್ನೆತ್ತದೇ ದುಡಿದೆ. ಹತ್ತಿಯನ್ನು ತೆಳ್ಳಗೆ ಹರಡುತ್ತಿದ್ದೆ, ಕಲ್ಲು ಕಡ್ಡಿ ಒಂದೂ ರೋಲಿಗೆ ಹೋಗದಂತೆ ಆರಿಸುತ್ತಿದ್ದೆ, ಉದುರಿದ ಕಾಳಿನಲ್ಲಿ ಎಳೆ ಉಳಿದಿದೆಯೇ ಎಂದು ಹಿಡಿ ಎತ್ತಿ ನೋಡುತ್ತಿದ್ದೆ. ಮೇಸ್ತ್ರಿ ಗುಮಾಸ್ತನನ್ನು ಕರೆತಂದು ನನ್ನ ಅರಳೆ ತೋರಿಸಿದ. ಇಬ್ಬರೂ ತಲೆಯಾಡಿಸಿದರು. ನನಗೆ ಕೋಡು ಮೂಡಿತು. ಅಪ್ಪನಿಗೆ ಹೆಸರು ತಂದೆ ಎಂದುಕೊಂಡೆ.

ಅಪ್ಪನ ಗಾಯ ಮಾಯ್ದು, ಕುಂಟುತ್ತ ಕೆಲಸಕ್ಕೆ ಬಂದ ದಿನ ನಾನು ರುಮಾಲು ಬಿಚ್ಚಿ ಅವನ ಕೈಗೆ ಕೊಟ್ಟು ನನ್ನ ಹಳೆಯ ಸಾಲಿಗೆ ಹೋದೆ. ಗೋಡೆಯ ಬದಿಯಿಂದ ಅವನ ಬೆನ್ನು ಕಾಣುತ್ತಿತ್ತು. ವಾರವೆಲ್ಲ ನೆಮ್ಮದಿಯಾಗಿದ್ದೆ.

ಶನಿವಾರ ಬಟವಾಡೆ. ಗೇಟಿನ ಪಕ್ಕದ ಕಿಟಕಿಯ ಮುಂದೆ ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ. ಗುಮಾಸ್ತ ಅಪ್ಪನ ಅಂಗೈಗೆ ಕೂಲಿ ಹಾಕಿದ. ಅಪ್ಪ ಕೈ ಹಿಂದಕ್ಕೆ ತೆಗೆಯಲಿಲ್ಲ, ಇನ್ನೂ ಬೀಳುತ್ತದೆ ಎಂದು ಹಾಗೇ ಚಾಚಿಕೊಂಡೇ ಇದ್ದ.

"ಮುಂದ ನಡಿ," ಎಂದ ಗುಮಾಸ್ತ.

"ಕಡಿಮಿ ಐತ್ರಿ," ಎಂದ ಅಪ್ಪ.

ಪಕ್ಕದಲ್ಲಿ ನಿಂತಿದ್ದ ಮೇಸ್ತ್ರಿ ಅದೇ ಮೆತ್ತನೆಯ ದನಿಯಲ್ಲಿ ಹೇಳಿದ: "ಆ ಮಿಷನ್ನಿಗೆ ಅಷ್ಟೇ."

"ನನ್ನ ಮಗಳಿಗೆ ನೀವ ಹೇಳೀರಲ್ರಿ, ಕೂಲಿ ಮನುಷ್ಯಾಗ ಅಂತ. ನಾ ಗಂಡಸು ಬಂದೀನಲ್ರಿ."

"ಕೂಲಿ ಮನಿಷಿಕಿ ಕಾದಯ್ಯಾ, ಮಿಷನ್‌ಕಿ."

ಕೂಲಿ ಮನುಷ್ಯನಿಗಲ್ಲ, ಮಿಷನ್ನಿಗೆ. ನನ್ನ ಕಿವಿಗೆ ಅದು ಸ್ಪಷ್ಟವಾಗಿ ಬಿತ್ತು. ತಿಂಗಳಿಡೀ ನಿನ್ನ ಮಗಳು ಹತ್ತಾಣೆಗೆ ಅದನ್ನು ನಡೆಸಿದ್ದಾಳೆ, ನಿನಗಿಂತ ಚೊಕ್ಕ ನಡೆಸಿದ್ದಾಳೆ, ಹೆಚ್ಚಿಗೆ ಯಾಕೆ ಕೊಡಬೇಕು ಎಂದು ಸಾಹುಕಾರರು ಕೇಳುತ್ತಾರೆ ಎಂದ. "ಬ್ಯಾಡಾಂದ್ರ ಹೇಳು, ಆಕಿನ್ನ ಕುಂದ್ರಸ್ತೀನಿ." ಹಾಗೆನ್ನುತ್ತ ಅಪ್ಪನ ಹಿಂದೆ ನಿಂತಿದ್ದ ಮಾವನ ಕಡೆ ನೋಡಿದ. "ನಿಮ್ಮ ಮನ್ಯಾಗೂ ಮಗಳು ಅದಾಳಲ್ಲ?"

ಮಾವ ಮುಂದೆ ಬಂದು, ಕೈ ಚಾಚಿ, ತನ್ನ ಕೂಲಿ ತೆಗೆದುಕೊಂಡು, ತಲೆ ತಗ್ಗಿಸಿ ಗೇಟು ದಾಟಿದ. ಅಪ್ಪನೂ ಮುಷ್ಟಿ ಮುಚ್ಚಿದ. ಮನೆಯಲ್ಲಿ ತೊಟ್ಟಿಲ ಮಗುವಿತ್ತು, ಕುಂಟುಕಾಲಿನವನಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ. ನಾನು ಹೆಂಗಸರ ಸಾಲಿನಲ್ಲಿ ನಿಂತು ನೋಡುತ್ತಿದ್ದೆ. ಅಪ್ಪ ನನ್ನನ್ನು ಹೊಡೆದರೂ ಹೊಡೆಯಲಿ ಎನ್ನಿಸಿತು. ನನ್ನ ಚೊಕ್ಕ ಕೆಲಸದ ಮೇಲೆ ನನಗೇ ಅಸಹ್ಯವಾಯಿತು.

ಅವತ್ತು ರಾತ್ರಿ ಅಪ್ಪ ತಂದದ್ದನ್ನೂ ನಾನು ತಂದದ್ದನ್ನೂ ಅವ್ವ ಒಂದೇ ಡಬ್ಬಿಗೆ ಹಾಕಿ ಮುಚ್ಚಿದಳು. ಅಪ್ಪ ಏನಾದರೂ ಅಂದಾನು ಎಂದು ಅಂಜುತ್ತ ಭಾನುವಾರ ಕಳೆದೆ.

ಸೋಮವಾರ ಮಾವ ಜ್ವರದಲ್ಲೇ ಕೆಲಸಕ್ಕೆ ಬಂದಿದ್ದ. ಕಂಬಳಿ ಹೊದ್ದು, ಹಲ್ಲು ಕಟಕಟ ಎನ್ನುತ್ತಿದ್ದರೂ ಮಿಷನ್ನಿನ ಮುಂದೆ ಕೂತಿದ್ದ. ಕಂಬಳಿಯ ತುದಿ ಪಟ್ಟಾದ ಕಡೆಗೆ ಹಾರಾಡುವುದನ್ನು ನಾನು ನನ್ನ ಸಾಲಿನಿಂದ ನೋಡುತ್ತಿದ್ದೆ. ಅಪ್ಪ ಎದ್ದು ಹೋಗಿ ಕಂಬಳಿಯನ್ನು ಅವನ ಸೊಂಟಕ್ಕೆ ಕಟ್ಟಿ ಬಂದ. ಮನೆಗೆ ಹೋಗು ಎಂದು ಯಾರೂ ಅವನಿಗೆ ಹೇಳಲಿಲ್ಲ. ಆ ಸುಗ್ಗಿಯಲ್ಲಿ ಆಮೇಲೆ ಗಂಡಸರ ಸಾಲಿಗೆ ಯಾವ ಮನೆಯಿಂದಲೂ ಬದಲಿ ಬರಲಿಲ್ಲ. ಕೆಮ್ಮುವವರು ಕೆಮ್ಮುತ್ತಲೇ ಬಂದರು.

ಅವತ್ತು ಸಂಜೆ ಅಪ್ಪನೂ ನಾನೂ ರೈಲು ಹಳಿ ದಾಟಿ ಮನೆಗೆ ಬರುತ್ತಿದ್ದೆವು. ಅವನ ಕುಂಟು ನಡಿಗೆಗೆ ಹೊಂದಿಕೊಂಡು ನಾನು ನಿಧಾನ ನಡೆಯುತ್ತಿದ್ದೆ.

"ನೀ ಇಷ್ಟು ವರ್ಷ ಹತ್ತಾಣೇನ ತರ್ತಿದ್ದೆಲ್ಲವ್ವ," ಎಂದ, ನೆಲ ನೋಡುತ್ತ.

ನಾನು ಹೂಂ ಎಂದೆ.

"ನೀ ತಂದಾಗ ನನಗ ಕಡಿಮಿ ಅನ್ನಿಸಿದ್ದಿಲ್ಲ."

"ನನಗ ಅನ್ನಿಸಿತ್ತಪ್ಪ," ಎಂದೆ.

ಆ ಮಾತು ನನ್ನ ಬಾಯಿಂದ ಬರುವ ತನಕ ನನಗೆ ಹಾಗೆ ಅನ್ನಿಸಿತ್ತೆಂಬುದು ನನಗೂ ಗೊತ್ತಿರಲಿಲ್ಲ. ಅಪ್ಪನಿಗೆ ಎದುರು ಮಾತಾಡಿದ್ದು ಅದೇ ಮೊದಲು. ಈಗ ಬಯ್ಯುತ್ತಾನೆ, ಈಗ ಬಯ್ಯುತ್ತಾನೆ ಎಂದು ಅಂಜುತ್ತ ಮನೆಯ ಬಾಗಿಲ ತನಕ ಅವನ ಪಕ್ಕದಲ್ಲಿ ನಡೆದೆ. ಅವನು ಬಯ್ಯಲಿಲ್ಲ.